ಶಾಲೆ ತಿರುವಿನ ಚೌಡಿ

ಸಾಗರದಿಂದ ಜೋಗಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಮಾಸ್ತಮ್ಮ ಎಂಬ ಹೆಂಗಸು ಬಂದು ಕೂತಳು. ಪಕ್ಕದಲ್ಲಿ ಕೂತ ಮೈದುನ ಬೆಳ್ಳಪ್ಪನಿಗೆ ಉಸಿರಾಡಲೂ ಬಿಡಲಿಲ್ಲ.

“ಅಣೆಕಟ್ಟೆ ಕಚೇರಿಲಿ ಎಂತ ಹೇಳಿದ್ರು?”

“ಅಣೆಕಟ್ಟೆಗೆ ಸಿಮೆಂಟು ಹೋಗ್ಲೇಬೇಕಂತೆ ಅತ್ತಿಗೆ. ಲಾರಿ ನಿಲ್ಸಕ್ಕಾಗಲ್ಲ ಅಂದ್ರು.”

“ನಿಲ್ಸಿ ಅಂದೋರ್ಯಾರು? ಶಾಲೆ ತಿರುವಲ್ಲಿ ನಿಧಾನ ಹೋಗಿ ಅಂದಿದ್ದಲ್ವಾ? ನಿನ್ನೆ ಲಾರಿ ನುಗ್ಗಿ ಬಂದಾಗ ನಮ್ಮ ಮಗ್ಳು ಸರೋಜ ಚರಂಡಿಗೆ ಹಾರಿ ಉಳ್ಕೊಂಡ್ಲು.”

“ಬೋರ್ಡು ಹಾಕ್ತಾರಂತೆ.”

“ಯಾವಾಗ? ಅವಳ ಮದ್ವೆ ಹೊತ್ತಿಗಾ?”

ಬೆಳ್ಳಪ್ಪ ಟಿಕೆಟ್ಟು ಮಡಚಿ ಜೇಬಿಗಿಟ್ಟ.

“ಆ ಡ್ರೈವರ್‌ಗಳು ಕಾಡಲ್ಲಿ ಚೌಡಿ ದೇವ್ರ ಕಲ್ಲು ಕಂಡ್ರೆ ಲಾರಿ ನಿಧಾನ ಮಾಡಿ, ಕಾಸು ಎಸ್ದು, ಕೈ ಮುಗೀತಾರೆ,” ಎಂದಳು ಮಾಸ್ತಮ್ಮ. “ಮಕ್ಳು ಕಂಡ್ರೆ ಬರೀ ಹಾರ್ನು. ಅದ್ಕೇ ಬೆಳಿಗ್ಗೆ ತಿರುವಲ್ಲೊಂದು ಕಲ್ಲು ನಿಲ್ಸಿ, ಕುಂಕುಮ ಹಚ್ಚಿ, ಹೂವಿಟ್ಟು ಬಂದೆ.”

“ಯಾವ ಕಲ್ಲು?”

“ನಮ್ಮನೆ ರುಬ್ಬೋ ಗುಂಡು.”

“ಅಯ್ಯಯ್ಯೋ! ಚೌಡಿಗೆ ಸಿಟ್ಟು ಬಂದ್ರೆ?”

“ಬರ್ಲಿ. ಲಾರಿಯೋರ ಮೇಲೆ ತೀರಿಸ್ಕೊಳ್ಲಿ.”

“ಮತ್ತೆ ಮನೇಲಿ ರುಬ್ಬೋದು ಹೆಂಗೆ?”

“ಬೋರ್ಡು ಬರೋವರ್ಗೂ ಗಂಜಿ ಉಣ್ಣು. ಕಚೇರಿಗೆ ಹೋಗಿ ತಲೆ ಆಡ್ಸಿ ಬಂದ್ಯಲ್ಲ!”

ಶಾಲೆಯ ತಿರುವಿನಲ್ಲಿ ಇಬ್ಬರೂ ಇಳಿದರು; ಬಸ್ಸು ಇನ್ನೂ ಅಲ್ಲೇ ನಿಂತಿತ್ತು. ಆಗಷ್ಟೇ ಶಾಲೆ ಬಿಟ್ಟಿತ್ತು; ಸರೋಜ ರಸ್ತೆಯಂಚಿನಲ್ಲಿ ಕಾಯುತ್ತಿದ್ದಳು. ಎದುರಿನಿಂದ ಸಿಮೆಂಟು ಹೇರಿದ ಲಾರಿಯೊಂದು ಧೂಳೆಬ್ಬಿಸಿಕೊಂಡು ಬಂತು. ಕಲ್ಲು ಕಂಡದ್ದೇ ಡ್ರೈವರ್ ವೇಗ ತಗ್ಗಿಸಿ, ಕಾಸು ಎಸೆದು, ಕಣ್ಣು ಮುಚ್ಚಿ ಕೈ ಮುಗಿದ.

ಅವನು ಕಣ್ಣು ಬಿಡುವಷ್ಟರಲ್ಲಿ ಮಾಸ್ತಮ್ಮ ಸರೋಜಳನ್ನು ದರದರ ಎಳೆದುಕೊಂಡು ರಸ್ತೆ ದಾಟಿಬಿಟ್ಟಿದ್ದಳು.