ಕನ್ನಡಿ ಇಲ್ಲದ ಕಾಲದ ಕ್ಷೌರ

ಆಸ್ಪತ್ರೆಯ ಲಿಫ್ಟಿಗೆ ಕಾಯುತ್ತಿದ್ದೆ. ಮುಂದೆ ಅಕ್ಕ ತಂಗಿ ನಿಂತಿದ್ದರು. ಅಕ್ಕನ ಕೈಯಲ್ಲಿ ಫ್ಲಾಸ್ಕು, ತಂಗಿಯ ಕೈಯಲ್ಲಿ ಮೊಬೈಲು.

"ಅಪ್ಪನ ಪ್ರಶ್ನೆಗೆ ಯಾರಾದ್ರೂ ಉತ್ತರ ಕೊಟ್ರಾ?" ಅಕ್ಕ ಕೇಳಿದಳು.

"ಇಲ್ಲ ಕಣೆ. ಆನ್‌ಲೈನ್ ಇತಿಹಾಸದ ಗುಂಪಿನವರು 'ಯಾರೂ ಗಮನಿಸದ ಪ್ರಶ್ನೆ' ಅಂತ ಈ ವಾರ ಮೇಲಕ್ಕೆ ಹಾಕಿದ್ರು. ಬರೀ ಲೈಕು ರಾಶಿ ಬಿದ್ದಿದೆ."

"ಕನ್ನಡಿ ಇಲ್ಲದ ಕಾಲದಲ್ಲಿ ಕ್ಷೌರ ಸರಿಯಾಯ್ತು ಅಂತ ಗಿರಾಕಿಗೆ ಹೇಗೆ ಗೊತ್ತಾಗ್ತಿತ್ತು ಅನ್ನೋದು ಯಾರಿಗೆ ಬೇಕು, ಅಪ್ಪನಂಥ ಕ್ಷೌರಿಕರನ್ನ ಬಿಟ್ಟು? ಡಾಕ್ಟರೇ ಕೈಚೆಲ್ಲಿದ್ದಾರೆ. ನೀನೇ ಏನಾದ್ರೂ ಬರೆದು ಓದಿಬಿಡು."

"ನಿನ್ನೆ ನಾನೇ ಬರೆದು ಓದಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದ್ರು. 'ಬರೆದವನು ಕತ್ತಿ ಹಿಡಿದವನಲ್ಲ' ಅಂದ್ರು."

"ಆಮೇಲೆ?"

"ಮುಂದಿನ ವಾರ ಮತ್ತೆ ಹಾಕೋಕೆ ಹೇಳು ಅಂದ್ರು."

ಲಿಫ್ಟು ಬಂತು. ಮೂವರೂ ಒಳಗೆ ಹೋದೆವು.

"ಮುಂದಿನ ವಾರ," ಅಂದಳು ಅಕ್ಕ. ಬಾಗಿಲು ಮುಚ್ಚಿಕೊಂಡಿತು.