ಸಕ್ಕರೆ ಡಬ್ಬಿಯ ಬೀಗ

ಮಾವನನ್ನು ಸಕ್ಕರೆ ಕಾಯಿಲೆಯ ತಪಾಸಣೆಗೆ ಕರೆತಂದಿದ್ದ ಸೊಸೆಗೆ ಪರದೆಯಾಚೆ ಇಬ್ಬರು ನರ್ಸುಗಳ ಮಾತು ಕೇಳಿಸಿತು.

“ಈಗ ರಕ್ತ ಕೊಡೋಕೆ ಹೋದ್ರಲ್ಲ, ಆ ಅಜ್ಜನ ಕೈಲಿ ಇಂಜೆಕ್ಷನ್ ಮಾಡಿಸಿ ನೋಡ್ದೆ ಅಕ್ಕ. ಸೂಜಿ ಮೇಲಿನ ಸಣ್ಣ ಮುಚ್ಚಳ ತೆಗೀದೇನೇ ಚುಚ್ಕೊಳ್ತಾರೆ. ಇಷ್ಟು ದಿನ ಇನ್ಸುಲಿನ್ ಒಳಗೇ ಹೋಗಿಲ್ಲ.”

“ನೀನು ಹೇಳ್ಕೊಟ್ಟಿರ್ಲಿಲ್ವಾ?”

“ಹೇಳಿದ್ದೆ. ಗೊತ್ತಾಯ್ತಾ ಅಂದೆ, ಹೂಂ ಅಂದ್ರು.”

“ಹೂಂ ಅನ್ನೋಕೆ ಏನು ಕಷ್ಟ? ಅವತ್ತೇ ಮಾಡಿಸಿ ನೋಡ್ಬೇಕಿತ್ತು. ಅಧ್ಯಯನಗಳೆಲ್ಲ ಬಡ್ಕೊಳ್ಳೋದು ಅದನ್ನೇ ತಾನೇ?”

“ಇನ್ನು ಅವರ ಮನೆಯವರಿಗೆ ಯಾವ ಮುಖ ಇಟ್ಕೊಂಡು ಹೇಳ್ಲಿ? ಶುಗರ್ ಇಳೀತಾನೇ ಇಲ್ಲ, ಅಜ್ಜ ಕದ್ದು ತಿಂತಾರೆ ಅಂತ ಮನೇಲಿ ಸಕ್ಕರೆ ಡಬ್ಬಿಗೆ ಬೀಗ ಹಾಕಿದ್ದಾರಂತೆ, ಪಾಪ.”

“ನಡಿ, ಮೊದಲು ಡಾಕ್ಟರಿಗೆ ಹೇಳೋಣ.”

ಇಬ್ಬರೂ ಹೊರಟುಹೋದರು. ಸೊಸೆ ಪರ್ಸಿನಲ್ಲಿದ್ದ ಬೀಗದಕೈಯನ್ನು ಮುಷ್ಟಿಯಲ್ಲಿ ಅಮುಕಿ ಹಿಡಿದು ನೆಲ ನೋಡುತ್ತ ಕೂತಳು. ಪರೀಕ್ಷೆಗೆ ರಕ್ತ ಕೊಟ್ಟು ಬಂದ ಮಾವ ಅವಳ ಮುಖ ಕಂಡು ಹೆದರಿದರು.

“ಮತ್ತೆ ಜಾಸ್ತಿ ಇದ್ಯಂತಾ? ನಾನು ಏನೂ ತಿಂದಿಲ್ಲಮ್ಮ, ನಿಜವಾಗ್ಲೂ.”