ಹಂಚುವ ಮನೆಯ ಸಾಕ್ಷಿ

ಎಲ್ಲರಿಗೂ ನಮಸ್ಕಾರ. ಮೇಡಂ ಅವರ ಮಗಳಿಗೆ, ತಮ್ಮನವರಿಗೆ, ಮಾನವಶಾಸ್ತ್ರ ವಿಭಾಗದ ನನ್ನ ಸಹೋದ್ಯೋಗಿಗಳಿಗೆ, ವಿದ್ಯಾರ್ಥಿಗಳಿಗೆ ನಮಸ್ಕಾರ. ಕೆರೆಯ ದಂಡೆಯಿಂದ ಬಂದವರು ಯಾಕೆ ಬಾಗಿಲ ಹತ್ತಿರ ನಿಂತಿದ್ದೀರಿ? ಮುಂದಿನ ಸಾಲು ಖಾಲಿ ಇದೆ, ಬನ್ನಿ ಅಕ್ಕ — ಇಲ್ಲಿ, ಹಾಂ, ಕೂತ್ಕೊಳ್ಳಿ.

ನಿನ್ನೆ ಮಧ್ಯಾಹ್ನ ಮೀನುಗಾರಿಕೆ ಇಲಾಖೆ ಮೇಡಂ ಅವರ ವರದಿಯನ್ನು ಕೆರೆಯ ಹಕ್ಕಿನ ವಿಚಾರಣೆಯಿಂದ ಕೈಬಿಟ್ಟಿದೆ. ಕೆರೆಯವರ ವಕೀಲರು ಸಂಜೆ ನನಗೆ ಫೋನ್ ಮಾಡಿ ತಿಳಿಸಿದರು. ಇಲಾಖೆ ಕೊಟ್ಟ ಕಾರಣ ಇಷ್ಟೇ: ವರದಿ ಬರೆದವರು ತೀರಿಕೊಂಡಿದ್ದಾರೆ, ಅವರನ್ನು ಕರೆಸಿ ಪ್ರಶ್ನೆ ಕೇಳಲು ಆಗುವುದಿಲ್ಲ.

ಈಗ ಮೆಟ್ಟಿಲು ಹತ್ತುವಾಗ ನಮ್ಮ ಮುಖ್ಯಸ್ಥರು ನನ್ನ ತೋಳು ಹಿಡಿದು, “ಇದು ಶ್ರದ್ಧಾಂಜಲಿ ಸಭೆ ಕಣ್ರೀ, ಕೇಸಿನ ಮಾತು ಬೇಡ” ಅಂದರು. ಕ್ಷಮಿಸಬೇಕು ಸರ್. ಆ ಮಾತು ಬಿಟ್ಟರೆ ಮೇಡಂ ಬಗ್ಗೆ ಹೇಳಲು ನನ್ನ ಹತ್ತಿರ ಬೇರೆ ಮಾತಿಲ್ಲ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಪರದೇಶದವರ ಆಳ್ವಿಕೆಯ ಕಾಲದಲ್ಲಿ ಒಬ್ಬ ದೊರೆ, ಅವರ ಅಧಿಕಾರಿ, ಜನರ ರೀತಿನೀತಿ ಬರೆದುಕೊಳ್ಳಲು ಆ ಕೆರೆಗೆ ಹೋಗಿದ್ದ. ಬೆಳಿಗ್ಗೆ ದೋಣಿಗಳು ದಡ ಸೇರಿದವು. ಪ್ರತಿ ದೋಣಿಯಿಂದಲೂ ಒಂದೊಂದು ಬುಟ್ಟಿ ಮೀನು ಒಂದೇ ಮನೆಗೆ ಹೋಯಿತು. ದೊರೆ ನೋಡಿದ, ಬರೆದುಕೊಂಡ — ಇದು ಕಪ್ಪಕಾಣಿಕೆ, ಈ ಮನೆಯವನು ಇವರ ಯಜಮಾನ. ಬಿಸಿಲೇರುವ ಮೊದಲೇ ಬಂಗಲೆಗೆ ಊಟಕ್ಕೆ ಹೊರಟುಹೋದ.

ಸಂಜೆ ಆ ಬುಟ್ಟಿಗಳು ಅದೇ ಮನೆಯಿಂದ ಹೊರಗೆ ಬಂದವು. ದಂಡೆಯ ಪ್ರತಿ ಮನೆಗೂ ಹೋದವು. ಅದನ್ನು ನೋಡಲು ದೊರೆ ಅಲ್ಲಿರಲಿಲ್ಲ.

ಅವನು ಬರೆದ ಪುಸ್ತಕ ಮಾತ್ರ ಉಳಿಯಿತು. ಆಡಳಿತದವರು ಆ ಮನೆಯವನಿಗೆ ಮುದ್ರೆ ಕೊಟ್ಟರು, ತೆರಿಗೆ ಎತ್ತುವ ಕೆಲಸ ಕೊಟ್ಟರು. ಇಲ್ಲದ ಯಜಮಾನ ನಿಜವಾಗಿಯೂ ಯಜಮಾನನಾದ! ಆಳಿದವರು ಹೋದರು, ಬಾವುಟ ಬದಲಾಯಿತು, ಕಚೇರಿಗೆ ಸುಣ್ಣ ಬಳಿದರು. ಪುಸ್ತಕ ಅದೇ ಕಪಾಟಿನಲ್ಲಿ ಉಳಿಯಿತು. ಇವತ್ತಿಗೂ ಕೆರೆಯ ಹಕ್ಕು ಆ ಒಂದು ಮನೆತನದ್ದು. ಉಳಿದವರು ತಮ್ಮದೇ ನೀರಿಗೆ ಇಳಿಯಲು ಅವರ ಅಪ್ಪಣೆ ಕೇಳಬೇಕು. ಆ ಹಕ್ಕು ಈಗ ನವೀಕರಣಕ್ಕೆ ಬಂದಿದೆ. ತಡೆಯಲು ಇದ್ದದ್ದು ಮೇಡಂ ಅವರ ವರದಿ ಒಂದೇ.

ಅವರು ಆ ವರದಿ ಬರೆದದ್ದು ಹೇಗೆ ಗೊತ್ತೆ? ನಾನು ಜೊತೆಗಿದ್ದೆ. ಹಕ್ಕು ಒಬ್ಬರದ್ದಾದರೂ ಮೀನು ಹಂಚುವುದನ್ನು ದಂಡೆಯವರು ಬಿಟ್ಟಿರಲಿಲ್ಲ — ಸದ್ದಿಲ್ಲದೆ, ಬೇರೆ ಬೇರೆ ಮನೆಗಳಲ್ಲಿ, ಸರದಿಯ ಮೇಲೆ. ಮೇಡಂ ಅಂಥ ಒಂದು ಮನೆಯಲ್ಲಿ ಹೋಗಿ ಕೂತರು. ಬರೀ ಪ್ರಶ್ನೆ, ಪ್ರಶ್ನೆ. ಆ ಮನೆಯಾಕೆಗೆ ಸಾಕಾಗಿ, ಬುಟ್ಟಿ ತಂದು ಇವರ ಮುಂದೆ — ಹೀಗೆ — ಕುಕ್ಕಿ, “ತಗೋ ತಾಯಿ, ಇವತ್ತು ನೀನೇ ಹಂಚು” ಅಂದಳು.

ಮೇಡಂ ಓದಿದವರಲ್ಲವೇ? ಎಲ್ಲ ಮನೆಗೂ ಸಮಸಮ ಹಂಚಿದರು. ಅಯ್ಯೋ, ಶುರುವಾಯಿತು ನೋಡಿ! “ಏನಮ್ಮಾ, ಬಾಣಂತಿ ಇರೋ ಮನೆಗೂ ಇಷ್ಟೇನಾ?” “ಅವನೊಬ್ಬನೇ ಇರೋದು, ಅಷ್ಟು ಮೀನು ತಗೊಂಡು ಮದುವೆ ಮಾಡ್ತಾನಾ?” “ಎಲ್ಲಾ ತಲೇನೂ ನಮಗೇನಾ? ಮುಂಡ ಯಾರ ಹೊಟ್ಟೆಗೆ ಹೋಯ್ತು?” ಕತ್ತಲಾಗುವವರೆಗೂ ಬೈಗುಳ. ನಾನು ಹಿತ್ತಲ ಬಾಗಿಲಿನಿಂದ ಜಾರಿಕೊಂಡೆ, ಸುಳ್ಳು ಯಾಕೆ ಹೇಳಲಿ. ಅವರು ಕೂತೇ ಇದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದರು: “ಅದು ದರ್ಬಾರಲ್ಲ ಕಣೋ, ಬೈಸಿಕೊಳ್ಳೋ ಕೆಲಸ. ಅದಕ್ಕೇ ಸರದಿ ಇಟ್ಟಿದ್ದಾರೆ. ಯಾವನು ದಿನಾ ಮಾಡ್ತಾನೆ?”

ಆಮೇಲೆ ಪ್ರತಿ ವರ್ಷ ತರಗತಿಯಲ್ಲಿ ಅದೇ ಪಾಠ. ಕೊಡುಕೊಳ್ಳುವಿಕೆಯ ಸಿದ್ಧಾಂತ ಎಷ್ಟು ಬೇಕಾದರೂ ಓದಿ, ಆದರೆ ಬೆಳಿಗ್ಗೆ ನೋಡಿದ್ದನ್ನು ಸಂಜೆಯೂ ನೋಡದೆ ಬರೆಯಬೇಡಿ. ಹುಡುಗರು ಅವರಿಗೆ ‘ಸಂಜೆ ಮೇಡಂ’ ಅಂತಲೇ ಹೆಸರಿಟ್ಟಿದ್ದರು. ನಗಬೇಡಿ, ಇಟ್ಟವರು ಇಲ್ಲೇ ಇದ್ದೀರಿ.

ಅವರು ಆ ದಂಡೆಯನ್ನು ಸ್ವರ್ಗ ಅಂತ ಬರೆಯಲಿಲ್ಲ. ಹಂಚುವ ಕೈಯಲ್ಲೂ ಅಧಿಕಾರ ಇರುತ್ತದೆ, ಗಂಡನಿಲ್ಲದ ಹೆಂಗಸಿನ ಪಾಲು ಕಡಿಮೆಯಾಗಿದ್ದನ್ನು ನಾನೇ ಕಂಡಿದ್ದೇನೆ ಅಂತ ಸ್ಪಷ್ಟವಾಗಿ ಬರೆದರು. ಆದರೆ ಅಲ್ಲಿ ಆಕೆ ಅಂಗಳಕ್ಕೆ ಬಂದು ಜಗಳ ಆಡಬಹುದಿತ್ತು. ಕಚೇರಿ ಮಾಡಿದ ಯಜಮಾನನ ಜೊತೆ ಜಗಳ ಆಡುವುದು ಎಲ್ಲಿ? ಆ ಮನೆತನದ ಮೇಲೂ ಅವರಿಗೆ ಸಿಟ್ಟಿರಲಿಲ್ಲ. “ಅವರನ್ನ ಯಜಮಾನರನ್ನಾಗಿ ಮಾಡಿದ್ದು ನಮ್ಮ ಶಾಸ್ತ್ರ. ಇಳಿಸೋದೂ ನಮ್ಮ ಕೆಲಸವೇ” ಅನ್ನುತ್ತಿದ್ದರು.

ಈಗ ಇಲಾಖೆಯವರಿಗೆ ನನ್ನದೊಂದು ಪ್ರಶ್ನೆ. ಬರೆದವರು ಸತ್ತರೆ ಬರೆದದ್ದು ಸಾಕ್ಷಿಯಲ್ಲ ಅನ್ನುತ್ತೀರಿ. ಸರಿ. ಆ ದೊರೆ ಬದುಕಿದ್ದಾನೆಯೇ? — ಅವನನ್ನು ಯಾವಾಗ ಕರೆಸಿದಿರಿ? ಯಾರು ಪ್ರಶ್ನೆ ಕೇಳಿದರು? ಅವನು ಸತ್ತಮೇಲೂ ಅವನ ಮಾತು ಕಾನೂನು. ನಮ್ಮವರು ಸತ್ತ ಮರುವಾರವೇ ಅವರ ಮಾತು ಕಸ! ಇದನ್ನು ನಾವು ಒಪ್ಪುವುದಿಲ್ಲ. ಒಪ್ಪುವುದಿಲ್ಲ ಅಂತ ಮೇಡಂ ಅವರ ಫೋಟೋ ಮುಂದೆ ನಿಂತು ಹೇಳುತ್ತಿದ್ದೇನೆ.

ವರದಿ ಬೇಡವಾದರೆ ಜನ ಬರುತ್ತಾರೆ. ದಂಡೆಯ ಹೆಂಗಸರು ತಾವೇ ಸಾಕ್ಷಿ ಹೇಳುವುದಾಗಿ ನಿನ್ನೆ ರಾತ್ರಿ ತೀರ್ಮಾನಿಸಿದ್ದಾರೆ. ಅವರ ಜೊತೆ ನನ್ನ ಹೆಸರನ್ನೂ ವಕೀಲರಿಗೆ ಕೊಟ್ಟಿದ್ದೇನೆ. ಮೇಡಂ ದಂಡೆಯಲ್ಲಿ ಮಾಡಿಕೊಂಡಿದ್ದ ಮೂಲ ಧ್ವನಿಮುದ್ರಣಗಳನ್ನು ಅವರ ಮಗಳು ಒಪ್ಪಿಸುತ್ತಾರೆ. ಪ್ರಶ್ನೆ ಕೇಳೋಣ ಅಂದರೆ ಬರೆದವರೇ ಇಲ್ಲ ಅಂದರಲ್ಲ — ನಮ್ಮನ್ನು ಕೇಳಲಿ.

ಈಗ ಎಲ್ಲರೂ ಎದ್ದು ನಿಲ್ಲಬೇಕು ಎಂದು ಕೇಳಿಕೊಳ್ಳುತ್ತೇನೆ. ಎರಡು ನಿಮಿಷ ಮಾತು ಬೇಡ, ಮೊಬೈಲ್ ಬೇಡ.

ಕೂತ್ಕೊಳ್ಳಿ. ವಿಚಾರಣೆ ಬುಧವಾರ ಬೆಳಿಗ್ಗೆ ಹತ್ತೂವರೆಗೆ, ಇಲಾಖೆಯ ಎರಡನೇ ಮಹಡಿಯಲ್ಲಿ.